ಎದ್ದು ಹೋಗೆನ್ನುವ ಕೊಳವೆ

ರಾಜಧಾನಿಯ ಪೇಟೆಂಟ್ ಕಚೇರಿಯಿಂದ ಕಾಗದ ಬಂದಾಗ ನಾನು ಪಾದ್ರಿಯ ಸ್ನಾನದ ತೊಟ್ಟಿಯೊಳಗೆ ಕೂತು ಬೆಸುಗೆ ಹಾಕುತ್ತಿದ್ದೆ. ನನ್ನ ಹೆಂಡತಿ ಎದೆಲ್ಮೀರಾ ಲಕೋಟೆ ಹಿಡಿದು ಬಂದವಳು ತೊಟ್ಟಿಯ ಅಂಚಿಗೆ ಒರಗಿ ನಿಂತು ಓದಿದಳು. ಒಕ್ಕಣೆ ಇಷ್ಟೇ. ಅರ್ಜಿದಾರ ತಿಬುರ್ಸಿಯೊ ಗೊದೊಯ್, ತಗಡುಗಾರ, ಬಾರ್ರಾಂಕಾ ಚೀಕಾ ಗ್ರಾಮ. ನೀವು ಕಳಿಸಿದ ನಕ್ಷೆ ಸರಿಯಾಗಿದೆ. ಆದರೆ ಈ ಸಾಧನ ಕೆಲಸ ಮಾಡುವುದನ್ನು ನಿಮ್ಮ ಊರಿನ ನ್ಯಾಯಾಧೀಶರೂ ಸ್ವಂತ ಮನೆಯುಳ್ಳ ಇನ್ನೊಬ್ಬ ಗೃಹಸ್ಥರೂ ಕಣ್ಣಾರೆ ಕಂಡು, ಕಂಡದ್ದನ್ನು ಬರೆದು ಸಹಿ ಹಾಕಿ ಕಳಿಸಬೇಕು. ತಿಂಗಳು ಮುಗಿಯುವುದರೊಳಗೆ ತಲುಪದಿದ್ದರೆ ಅರ್ಜಿ ರದ್ದು.

ಕಾಗದ ತಂದ ಹಬೆದೋಣಿ ಮರಳದಿಣ್ಣೆಗೆ ಸಿಕ್ಕಿಕೊಂಡು ಒಂದು ವಾರ ತಡವಾಗಿ ಬಂದಿತ್ತು. ತಿಂಗಳು ಮುಗಿಯುವ ಮುಂಚೆ ಉಳಿದದ್ದು ಒಂದೇ ದೋಣಿ, ಮುಂದಿನ ಗುರುವಾರದ್ದು.

"ಅಷ್ಟೇ ತಾನೆ? ಎವಾರಿಸ್ತೊನ ಭಾನುವಾರ ಮಾಟೆಗೆ ಕರಿ. ಕುಡೀತಾನೆ, ಸಹಿ ಹಾಕ್ತಾನೆ," ಎಂದಳು ಎದೆಲ್ಮೀರಾ.

ದೋನ್ ಎವಾರಿಸ್ತೊ ನಮ್ಮೂರ ನ್ಯಾಯಾಧೀಶ. ಇಪ್ಪತ್ತು ವರ್ಷದ ಗೆಳೆಯ, ನನ್ನ ಮಗಳಿಗೆ ಜ್ಞಾನಸ್ನಾನದ ದಿನ ತಂದೆಯ ಸ್ಥಾನದಲ್ಲಿ ನಿಂತವನು. ಅವನಿಂದ ಒಂದು ಸಹಿ ಎಂದರೆ ಬಾವಿಯಿಂದ ಒಂದು ಕೊಡ ನೀರು ಎಂದುಕೊಂಡೆ.

ಆಗ ನನಗೆ ನಲವತ್ತೇಳು. ಹದಿನೇಳನೇ ವಯಸ್ಸಿನಿಂದ ಊರಿನ ತೂತುಗಳನ್ನೆಲ್ಲ ಮುಚ್ಚಿಕೊಂಡು ಬಂದಿದ್ದೆ. ನಾನು ರಿಪೇರಿ ಮಾಡುವ ಲಾಂದ್ರದ ಮೇಲೆ ಇಂಗ್ಲೆಂಡಿನವನ ಹೆಸರು, ಒಲೆಯ ಮೇಲೆ ಜರ್ಮನಿಯವನ ಹೆಸರು, ಹೊಲಿಗೆ ಯಂತ್ರದ ಮೇಲೆ ಉತ್ತರ ಅಮೆರಿಕದವನ ಹೆಸರು. ಗೊದೊಯ್ ಎಂಬ ಹೆಸರು ಯಾವ ವಸ್ತುವಿನ ಮೇಲೂ ಇಲ್ಲ. ಸತ್ತ ಮೇಲೆ ಶಿಲುಬೆಯ ಮೇಲೆ ಬರೆಯುತ್ತಾರೆ, ನಿಜ. ಅದನ್ನು ಓದಲು ನಾನಿರುವುದಿಲ್ಲ. ಸಾಯುವ ಮೊದಲು ನನ್ನ ಹೆಸರಿನ ಒಂದು ವಸ್ತು, ಅದಕ್ಕೆ ಸರ್ಕಾರದ ಮುದ್ರೆ, ಇಷ್ಟೇ ನನಗೆ ಬೇಕಿದ್ದದ್ದು. ದುಡ್ಡು ಬಂದರೆ ಬೇಡ ಎನ್ನುವವನಲ್ಲ, ಆದರೆ ಅದಕ್ಕಾಗಿ ನಾನು ಎರಡು ವರ್ಷ ಕಣ್ಣು ಸುಟ್ಟುಕೊಳ್ಳುತ್ತಿರಲಿಲ್ಲ.

ನಾನು ಮಾಡಿದ್ದು ಮಾಟೆ ಕುಡಿಯುವ ಹೀರುಗೊಳವೆ. ಸೋರೆಬುರುಡೆಯಲ್ಲಿ ಸೊಪ್ಪಿನ ಪುಡಿ ತುಂಬಿ ಬಿಸಿನೀರು ಹೊಯ್ದು ಕೊಳವೆ ಇಟ್ಟು ಹೀರಿದರೆ, ನಾಲ್ಕನೇ ಸಲಕ್ಕೆ ಕೊಳವೆಯ ತುದಿಯ ಜರಡಿಗೆ ಪುಡಿ ಕಟ್ಟಿಕೊಳ್ಳುತ್ತದೆ. ಆಮೇಲೆ ಕೆನ್ನೆ ಒಳಕ್ಕೆ ಹೋಗಿ ಕಣ್ಣು ಹೊರಕ್ಕೆ ಬರುವ ತನಕ ಎಳೆಯಬೇಕು. ನನ್ನ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ, ಅದರ ತುದಿಗೆ ಕುದುರೆಕೂದಲಿನ ಕುಂಚ. ಮೇಲಿನ ಬಾಗಿದ ಮೂತಿಯನ್ನು ಹಿಡಿದು ಅರ್ಧ ಸುತ್ತು ತಿರುಗಿಸಿದರೆ ಕುಂಚ ಜರಡಿಯನ್ನು ಒಳಗಿನಿಂದ ಗುಡಿಸುತ್ತದೆ. ಅಷ್ಟೇ. ಆದರೆ ಆ ಅರ್ಧ ಸುತ್ತಿಗೆ ನಾನು ನಲವತ್ತೊಂದು ಕೊಳವೆಗಳನ್ನು ಹಾಳು ಮಾಡಿದ್ದೆ.

ಭಾನುವಾರ ಮಧ್ಯಾಹ್ನ ಎವಾರಿಸ್ತೊ ಬಂದ. ಎರಡನೇ ಸಾಕ್ಷಿಯಾಗಲಿ ಎಂದು ಔಷಧಿ ಅಂಗಡಿಯ ಲಿಸಾರ್ದೊನನ್ನೂ ಕರೆದಿದ್ದೆ. ಅಂಗಳದ ಹುಚ್ಚುಬೇವಿನ ಕೆಳಗೆ ಕುರ್ಚಿ ಹಾಕಿದೆವು. ಎದೆಲ್ಮೀರಾ ಕರಿದ ರೊಟ್ಟಿ ತಂದಿಟ್ಟಳು.

ಎವಾರಿಸ್ತೊ ಅಂದು ಸ್ವಲ್ಪ ಬಿಗಿಯಾಗಿದ್ದ. ಹಿಂದಿನ ಮಂಗಳವಾರ ಅವನು ನನ್ನ ವಿರುದ್ಧ ತೀರ್ಪು ಕೊಟ್ಟಿದ್ದ. ನನ್ನ ಹಂದಿ ಬ್ರೆಡ್ಡಿನವನ ಕುಂಬಳದ ತೋಟಕ್ಕೆ ನುಗ್ಗಿದ ವ್ಯಾಜ್ಯ. ನಾನು ಅಲ್ಲೇ ಎದ್ದು ನಿಂತು ಅವನನ್ನು ಕುರುಡು ಗೂಬೆ ಎಂದು ಬೈದು, ದಂಡ ಕಟ್ಟಿ, ಮನೆಗೆ ಬರುವಷ್ಟರಲ್ಲಿ ಮರೆತಿದ್ದೆ. ಅವನು ಮರೆತಿರಲಿಲ್ಲ. ಬೈದವನಿಗೆ ಮರೆಯುವುದು ಸುಲಭ ಎಂಬುದು ನನಗೆ ಆಮೇಲೆ ತಿಳಿಯಿತು.

"ಏನೋ ತಗಡು, ಹಂದಿ ಚೆನ್ನಾಗಿದೆಯಾ?" ಎಂದ.

"ನಿನಗಿಂತ ಚೆನ್ನಾಗಿದೆ. ಅದಕ್ಕೆ ತಪ್ಪು ಮಾಡೋವಾಗ ಗೊತ್ತಾಗತ್ತೆ."

ಲಿಸಾರ್ದೊ ನಕ್ಕ. ಎವಾರಿಸ್ತೊ ಮೀಸೆಯಲ್ಲೇ ನಕ್ಕ ಹಾಗೆ ಮಾಡಿದ. ನಾನು ತಣ್ಣೀರಿನಲ್ಲಿ ಕೊಳವೆ ಅದ್ದಿ ತಿರುಗಿಸಿ ತೋರಿಸಿದೆ. ಇಬ್ಬರೂ ತಲೆದೂಗಿದರು. ಎದೆಲ್ಮೀರಾ ಬಿಸಿನೀರು ಹೊಯ್ದು, ವಾಡಿಕೆಯ ಹಾಗೆ ಮೊದಲನೇ ಕಹಿ ಬುರುಡೆಯನ್ನು ತಾನೇ ಕುಡಿದು ಮುಗಿಸಿದಳು. ಎರಡನೆಯದನ್ನು ತುಂಬಿ, ಕೊಳವೆಯ ಮೂತಿಯನ್ನು ಅತಿಥಿಯ ಕಡೆಗೆ ಮಾಡಿ, ಬಲಗೈಯಲ್ಲಿ ಎವಾರಿಸ್ತೊನತ್ತ ಚಾಚಿದಳು.

ಅವಳ ಕೈಗೂ ಅವನ ಕೈಗೂ ನಡುವೆ ಒಂದು ಗೇಣು ಇದ್ದಾಗ ಮೂತಿ ತಾನಾಗಿಯೇ ತಿರುಗಿತು. ನಿಧಾನವಾಗಿ, ಕೋಳಿ ಕತ್ತು ಹೊರಳಿಸಿದ ಹಾಗೆ ತಿರುಗಿ, ಅವನಿಗೆ ಬೆನ್ನು ಮಾಡಿ ನಿಂತಿತು.

ನಾನು ಅದನ್ನು ನೋಡಿದೆ. ನೋಡಿ ಏನು ಯೋಚಿಸಿದೆ ಗೊತ್ತೇ? ಬಿಸಿಗೆ ಕೊಳವೆಯ ಜರ್ಮನ್ ಸಿಲ್ವರ್ ಲೋಹ ಹಿಗ್ಗಿ ಮೂತಿಯ ಕೀಲು ಅರ್ಧ ಕೂದಲಿನಷ್ಟು ಸಡಿಲವಾಗಿದೆ ಎಂದು ಯೋಚಿಸಿದೆ. ಎದುರಿಗಿದ್ದ ಮನುಷ್ಯನ ಮುಖ ನೋಡಲಿಲ್ಲ.

ಎವಾರಿಸ್ತೊ ಬುರುಡೆಯನ್ನು ತೆಗೆದುಕೊಂಡ. ಕುಡಿಯಲಿಲ್ಲ. ಮೊಟ್ಟೆ ಇಡುವ ಹಾಗೆ ಮೆಲ್ಲಗೆ ಮೇಜಿನ ಮೇಲೆ ಇಟ್ಟ. ಎದ್ದ. ಟೊಪ್ಪಿಗೆ ಹಾಕಿಕೊಂಡ.

"ರೊಟ್ಟಿ ಚೆನ್ನಾಗಿತ್ತು, ಎದೆಲ್ಮೀರಾ," ಎಂದು ಹೇಳಿ ಗೇಟು ದಾಟಿ ಹೋದ. ಲಿಸಾರ್ದೊ ಒಮ್ಮೆ ನನ್ನನ್ನು, ಒಮ್ಮೆ ಕೊಳವೆಯನ್ನು ನೋಡಿ, ಬಾಯಲ್ಲಿದ್ದ ರೊಟ್ಟಿ ನುಂಗದೆಯೇ ಅವನ ಹಿಂದೆ ಓಡಿದ.

"ಏನಾಯ್ತೇ ಇವರಿಗೆ? ಹೊಟ್ಟೆ ಕೆಟ್ಟಿದೆಯಾ ಇಬ್ಬರದ್ದೂ?" ಎಂದೆ.

ಎದೆಲ್ಮೀರಾ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. "ಅಯ್ಯೋ ದೇವರೇ, ತಿಬುರ್ಸಿಯೊ! ಕೊಳವೆ ಹಿಂದಕ್ಕೆ ಮಾಡಿ ಕೊಟ್ಟೆನಲ್ಲೋ ನಾನು!"

ಆಗ ನನ್ನ ತಲೆಗೆ ಹೊಕ್ಕಿತು. ನಮ್ಮಲ್ಲಿ ಮಾಟೆ ಕೊಡುವಾಗ ಮೂತಿ ಕುಡಿಯುವವನ ಕಡೆಗಿದ್ದರೆ ಬಾ ಎಂದರ್ಥ. ಹಿಂದಕ್ಕಿದ್ದರೆ ಎದ್ದು ಹೋಗು, ಮತ್ತೆ ಬರಬೇಡ ಎಂದರ್ಥ. ಅದರಲ್ಲೂ ಮನೆಯ ಹೆಂಗಸಿನ ಕೈಯಿಂದ ಬಂದರೆ ಅದಕ್ಕಿಂತ ದೊಡ್ಡ ಮಾತಿಲ್ಲ. ಯಾಕೆ ಎಂದು ಕೇಳುವ ಹಾಗೂ ಇಲ್ಲ. ಕೇಳಿದವನು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತಾನೆ. ಮರ್ಯಾದಸ್ಥ ಟೊಪ್ಪಿಗೆ ಹಾಕಿಕೊಂಡು ಹೋಗುತ್ತಾನೆ. ಎವಾರಿಸ್ತೊ ಮರ್ಯಾದಸ್ಥ.

ನಾನು ಬೀದಿಗೆ ಓಡಿ ಕೂಗಿದೆ. ಅವನು ತಿರುಗಲಿಲ್ಲ.

ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಲಿಸಾರ್ದೊನ ಬಾಯಿಂದ ಊರಿಗೆಲ್ಲ ಗೊತ್ತಾಯಿತು: ತಗಡಿನ ಗೊದೊಯ್ ಹಂದಿಯ ಸೇಡಿಗೆ ನ್ಯಾಯಾಧೀಶನನ್ನು ಕರೆಸಿ, ಹೆಂಡತಿಯ ಕೈಯಿಂದ ಕೊಳವೆ ತಿರುಗಿಸಿ ಕೊಡಿಸಿದ.

ಸೋಮವಾರ ಕೀಲನ್ನು ಬಿಗಿ ಮಾಡಿದೆ. ಮೂತಿ ತಿರುಗಲಿಲ್ಲ, ಕುಂಚವೂ ತಿರುಗಲಿಲ್ಲ, ಐದನೇ ಸಲ ಹೀರಿದಾಗ ಪುಡಿ ಕಟ್ಟಿತು. ಸಡಿಲ ಮಾಡಿದೆ. ಕುಂಚ ಗುಡಿಸಿತು, ಮೂತಿ ನನಗೇ ಬೆನ್ನು ಮಾಡಿತು. ನನ್ನ ಅಂಗಡಿಯಲ್ಲಿ ನನ್ನನ್ನೇ ಎದ್ದು ಹೋಗು ಎಂದಿತು. ಕೊಳವೆಯನ್ನು ಗೋಡೆಗೆ ಎಸೆದೆ. ಆಮೇಲೆ ಹೆಕ್ಕಿ ತಂದು ನೆಟ್ಟಗೆ ಮಾಡಿದೆ, ಯಾಕೆಂದರೆ ಕೆಲಸ ಮಾಡುವ ಕೊಳವೆ ಅದೊಂದೇ ಇತ್ತು.

ಮಂಗಳವಾರ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಬ್ರೆಡ್ಡಿನವನ ಹೆಂಡತಿ. ಕುಂಬಳದ ವ್ಯಾಜ್ಯದ ಹೆಂಗಸು ನನ್ನ ಹಿತ್ತಲಿಗೆ ಯಾಕೆ ಬಂದಳೋ ಎಂದು ಒಳಗಿನಿಂದಲೇ ಕಿವಿಗೊಟ್ಟೆ.

"ಎದೆಲ್ಮೀರಾ, ನ್ಯಾಯಾಧೀಶನ್ನ ಓಡಿಸಿದ್ಯಲ್ಲ, ಅಂಥದ್ದೊಂದು ಕೊಳವೆ ನಂಗೂ ಬೇಕು. ನನ್ನ ಗಂಡನ ಚಿಕ್ಕಪ್ಪ ಬಂದು ಹನ್ನೊಂದು ವಾರ ಆಯ್ತು."

"ಅವರನ್ನ ನೀನೇ ಹೋಗು ಅನ್ನಬಾರದೇನೇ?"

"ಅಂದ್ರೆ ನಾನು ಕೆಟ್ಟವಳಾಗ್ತೀನಿ. ಕೊಳವೆ ತಾನಾಗೇ ತಿರುಗಿದ್ರೆ? ಅಯ್ಯೋ ಚಿಕ್ಕಪ್ಪ, ಹೊಸಾ ಕೊಳವೆ, ನೋಡಿ ಹೇಗೆ ತಿರುಗತ್ತೆ ಅಂತೀನಿ. ಅವರಿಗೆ ಅರ್ಥವೂ ಆಗತ್ತೆ, ನನ್ನ ಮೇಲೆ ತಪ್ಪೂ ಬರಲ್ಲ."

ನಾನು ಸುತ್ತಿಗೆ ಹಿಡಿದೇ ಹೊರಗೆ ಬಂದೆ. "ನನ್ನ ಕೊಳವೆ ಜನರನ್ನ ಓಡಿಸೋಕಲ್ಲಮ್ಮಾ! ಪುಡಿ ಕಟ್ಟದ ಕೊಳವೆ ಅದು! ಪುಡಿ ಕಟ್ಟದ ಕೊಳವೆ!"

"ಪುಡಿ ಕಟ್ಟೋದೆಲ್ಲ ನಮಗೆ ಅಭ್ಯಾಸ ಆಗಿದೆ ದೋನ್ ತಿಬುರ್ಸಿಯೊ," ಎಂದಳು ಆಕೆ ತಣ್ಣಗೆ. "ನೆಂಟರು ಅಭ್ಯಾಸ ಆಗಲ್ಲ."

ಅವಳನ್ನು ಬೈದು ಕಳಿಸಿದೆ. ಮಧ್ಯಾಹ್ನದೊಳಗೆ ಇನ್ನಿಬ್ಬರು ಬಂದರು. ಅವರನ್ನೂ ಬೈದೆ. ಎದೆಲ್ಮೀರಾ ಜೋಳ ಕುಟ್ಟುವುದನ್ನು ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಯಾಕೆ ಹಾಗೆ ಹಾರಾಡ್ತೀಯ? ನಿಂಗೆ ಬಾಯಿದೆ. ಯಾರು ಬೇಡವೋ ಅವರನ್ನ ತೊಲಗು ಅಂತೀಯ, ಹಾಯಾಗಿ ನಿದ್ದೆ ಮಾಡ್ತೀಯ. ಊರಲ್ಲಿ ಎಲ್ಲರಿಗೂ ಆ ಬಾಯಿಲ್ಲ. ಬಾಯಿಲ್ಲದವರಿಗೆ ಒಂದು ಕೊಳವೆ ಇರಲಿ ಬಿಡು."

"ನನ್ನ ಹೆಸರು ಹಾಕಿ? ಮನುಷ್ಯರನ್ನ ಮನೆಯಿಂದ ದಬ್ಬೋ ಸಾಮಾನಿಗೆ?"

"ನಿನ್ನ ಹೆಸರು ಕೇಳಿದ್ರೆ ಊರಿಗೆ ಈಗಾಗಲೇ ಅದೇ ನೆನಪಾಗೋದು," ಎಂದು ಅವಳು ಮತ್ತೆ ಕುಟ್ಟತೊಡಗಿದಳು.

ಬುಧವಾರ ಬೆಳಗಾಯಿತು. ಮರುದಿನ ದೋಣಿ. ಕ್ಷೌರಿಕ, ಪಾದ್ರಿ, ಶಾಲೆಯ ಮೇಷ್ಟ್ರು, ಯಾರನ್ನು ಕೇಳಿದರೂ ಮೊದಲು ದೋನ್ ಎವಾರಿಸ್ತೊ ಸಹಿ ಹಾಕಲಿ ಎಂದರು. ನನಗೆ ಬೇರೆ ದಾರಿ ಉಳಿಯಲಿಲ್ಲ. ಕೊಳವೆಯನ್ನೂ, ನಾನೇ ಬರೆದಿಟ್ಟುಕೊಂಡಿದ್ದ ಪ್ರಮಾಣಪತ್ರವನ್ನೂ ಜೇಬಿಗೆ ತುರುಕಿಕೊಂಡು ಎವಾರಿಸ್ತೊನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ.

"ಬನ್ನಿ, ದೋನ್ ತಿಬುರ್ಸಿಯೊ. ಕೂತ್ಕೊಳ್ಳಿ," ಎಂದ.

ಇಪ್ಪತ್ತು ವರ್ಷ 'ಬಾರೋ ತಗಡು' ಎಂದೇ ಕರೆದವನು. ಆ 'ಬನ್ನಿ', ಆ ಗೌರವದ 'ದೋನ್' ಕೇಳಿ ನಾನು ಕೂರಲಿಲ್ಲ.

"ಬನ್ನಿಗಿನ್ನಿ ಎಲ್ಲಾ ಬೇಡ. ಯಾಕೋ ಎದ್ದು ಹೋದೆ ಅವತ್ತು?"

"ಹೋಗು ಅಂದ್ರಿ. ಹೋದೆ."

"ನಾನೆಲ್ಲಿ ಅಂದೆ?"

"ನೀವು ಅನ್ನಲಿಲ್ಲ. ಕೊಳವೆ ಅಂತು."

"ಕೀಲು ಸಡಿಲ ಆಗಿ ತಿರುಗಿದ್ದು ಕಣೋ ಮುಟ್ಠಾಳ!"

"ಹಂದಿ ತೀರ್ಪು ಕೊಟ್ಟ ಐದನೇ ದಿನಕ್ಕೆ ಸರಿಯಾಗಿ ಸಡಿಲ ಆಯ್ತು. ಒಪ್ಕೊಂಡೆ. ಹುರುಳಿಕಾಯಿ ಬೇಕಾ? ಈ ಸಲ ಚೆನ್ನಾಗಿ ಬಂದಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹುರುಳಿಕಾಯಿ ಕೊಡಲು ಬಂದದ್ದು ನನ್ನಿಂದ ತಡೆಯಲಾಗಲಿಲ್ಲ.

"ಎವಾರಿಸ್ತೊ, ಈ ಇಪ್ಪತ್ತು ವರ್ಷದಲ್ಲಿ ನಿನ್ನನ್ನ ಎಷ್ಟು ಸಲ ಬೈದಿದೀನಿ?"

"ಎಣಿಸಿಲ್ಲ."

"ಅದ್ರಲ್ಲಿ ಒಂದು ಸಲನಾದ್ರೂ ಬಾಯಿ ಮುಚ್ಕೊಂಡು ಬೈದಿದೀನಾ?"

ಅವನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಹೋದ ವಾರ ಕುರುಡು ಗೂಬೆ ಅಂದೆ. ಎಲ್ಲಿ ಅಂದೆ? ನಿನ್ನ ಮೂಗಿನ ಮುಂದೆ, ಊರಿನ ಅರ್ಧ ಜನರೆದುರು ಅಂದೆ. ನಿನ್ನನ್ನ ಮನೆಯಿಂದ ಓಡಿಸಬೇಕು ಅಂತ ಅನ್ನಿಸಿದ್ರೆ ನಾನು ಹೆಂಡತಿ ಕೈಯಲ್ಲಿ ಕೊಳವೆ ತಿರುಗಿಸ್ಕೊಂಡು ಕೂರ್ತೀನಾ? ತೊಲಗೋ ಅಂತೀನಿ! ಈಗ್ಲೂ ಹೇಳ್ತೀನಿ, ಕಿವಿ ಕೊಟ್ಟು ಕೇಳು. ನೀನು ಕತ್ತೆ! ಸೊಕ್ಕಿನ ಕತ್ತೆ! ಹಂದಿ ಮನಸ್ಸು ಅರ್ಥ ಆಗತ್ತೆ ನಿಂಗೆ, ಸ್ನೇಹಿತನ ಮನಸ್ಸು ಅರ್ಥ ಆಗಲ್ಲ!"

ಎದುರುಮನೆಯ ಕಿಟಕಿ ತೆರೆದ ಸದ್ದು ಕೇಳಿಸಿತು. ಎವಾರಿಸ್ತೊನ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಮಡಿಲಿನ ಹುರುಳಿಕಾಯಿ ಒಂದೊಂದಾಗಿ ಕೆಳಗೆ ಬಿದ್ದವು.

"ನಿಜ ಕಣೋ ತಗಡು," ಎಂದ ಕಣ್ಣೊರೆಸಿಕೊಳ್ಳುತ್ತ. "ಸದ್ದಿಲ್ಲದೆ ಬೈಯೋ ಯೋಗ್ಯತೆ ನಿಂಗಿಲ್ಲ. ಮೂರು ದಿನ ನಿದ್ದೆ ಕೆಡಿಸ್ಕೊಂಡೆ, ಇಷ್ಟು ಹೊಳೀಲಿಲ್ಲ ನೋಡು. ಕೂತ್ಕೋ."

ಕೂತೆ.

ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ನಾನು ಬರೆದದ್ದನ್ನು ಓದಿದ: "'ಈ ಕೊಳವೆ ಯಾವ ದೋಷವೂ ಇಲ್ಲದೆ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.' ಇದಕ್ಕೆ ಸಹಿ ಹಾಕೋಕಾಗಲ್ಲ."

"ಈಗ ತಾನೇ ಸರಿಯಾಯ್ತಲ್ಲೋ!"

"ನೀನು ಸರಿಯಾದೆ. ಕೊಳವೆ ಸರಿಯಾಗಿಲ್ಲ. ಅದು ತಿರುಗತ್ತೆ. ದೋಷ ಇಲ್ಲ ಅಂತ ನಾನು ಬರೆದುಕೊಟ್ಟು, ನಾಳೆ ಯಾವನೋ ಕುದುರೆ ಸವಾರನಿಗೆ ಯಾರೋ ಈ ಕೊಳವೆ ಕೊಟ್ಟು, ಅವನು ಸೊಂಟದ ಚೂರಿ ಎಳೆದ್ರೆ? ನಾನು ನಿನ್ನ ಸ್ನೇಹಿತ ಹೌದು, ಆದ್ರೆ ಆ ಸಹಿ ನನ್ನದಲ್ಲ, ನ್ಯಾಯಾಧೀಶಂದು. ಅದು ಕಂಡದ್ದನ್ನ ಮಾತ್ರ ಬರೆಯತ್ತೆ."

"ಏನು ಕಂಡೆ ನೀನು?"

"ಕಂಡದ್ದು ಒಂದೇ. ಮನೆಯವರು ಒಂದು ಮಾತೂ ಆಡಲಿಲ್ಲ, ಮುಖವೂ ಕೆಡಿಸಲಿಲ್ಲ. ಆದ್ರೂ ಈ ಕೊಳವೆ ನನ್ನನ್ನ ಕುರ್ಚಿಯಿಂದ ಎಬ್ಬಿಸಿ ಬೀದಿಗೆ ಕಳಿಸ್ತು. ಅದಕ್ಕಾದ್ರೆ ಬೈಬಲ್ ಮುಟ್ಟಿ ಸಹಿ ಹಾಕ್ತೀನಿ."

ನನ್ನ ಕುಂಚ, ನನ್ನ ನಲವತ್ತೊಂದು ಕೊಳವೆ, ಎರಡು ವರ್ಷದ ಕಣ್ಣು. ಅದಕ್ಕೆಲ್ಲ ಸಿಕ್ಕ ಸಾಕ್ಷಿ ಇದು. ಆದರೆ ಹಿತ್ತಲಿಗೆ ಬಂದ ಮೂವರು ಹೆಂಗಸರು ನೆನಪಾದರು. ಪುಡಿ ಕಟ್ಟದ ಕೊಳವೆ ಬೇಕೆಂದು ಆ ತನಕ ಒಬ್ಬರೂ ನನ್ನ ಬಾಗಿಲು ತಟ್ಟಿರಲಿಲ್ಲ. ಎದೆಲ್ಮೀರಾಳ ಮಾತೂ ನೆನಪಾಯಿತು. ಕೆಳಗೆ ಬಿದ್ದಿದ್ದ ಹುರುಳಿಕಾಯಿಗಳನ್ನು ಹೆಕ್ಕಿ ಎವಾರಿಸ್ತೊನ ಮಡಿಲಿಗೆ ಹಾಕಿದೆ.

"ಬರಿ," ಎಂದೆ.

"ಬರೀತೀನಿ. ಆದ್ರೆ ಒಂದು ಸಲ ಆದದ್ದು ಅಪಘಾತ. ಎರಡನೇ ಸಲ ಆದ್ರೆ ಮಾತ್ರ ಅದು ಯಂತ್ರ. ಮತ್ತೆ ನಿಂಗೊಬ್ಬ ಗೃಹಸ್ಥ ಬೇರೆ ಬೇಕಲ್ಲ."

ಅಷ್ಟರಲ್ಲಿ ಗೇಟಿನ ಹತ್ತಿರ ಚಪ್ಪಾಳೆ ಸದ್ದಾಯಿತು. "ಮನೇಲಿ ಯಾರಾದ್ರೂ ಬದುಕಿದೀರಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಾಲ್ದೊಮೇರೊ. ಮೊದಲು ದಾಟುದೋಣಿ ನಡೆಸುತ್ತಿದ್ದವನು. ಈಗ ದಂಡೆಯ ಮೇಲೆ ಸ್ವಂತ ಮನೆ, ಅದರಲ್ಲಿ ಅವನೊಬ್ಬನೇ, ಕೆಲಸವಿಲ್ಲ. ದಿನಕ್ಕೆ ನಾಲ್ಕು ಮನೆಯಂತೆ ಸರದಿಯ ಮೇಲೆ ಊರೆಲ್ಲ ಸುತ್ತುತ್ತಾನೆ. ಕೂತರೆ ಏಳುವುದಿಲ್ಲ. ಅವನ ಹತ್ತಿರ ಒಂದೇ ಕಥೆ: ಕುರುಡು ಕುದುರೆಯನ್ನು ಬಿಷಪ್ಪರ ಕಾರ್ಯದರ್ಶಿಗೆ ಮಾರಿದ್ದು. ನಾನದನ್ನು ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ.

"ದೇವರು ಕಳಿಸಿದ್ದಾನೆ," ಎಂದು ಎವಾರಿಸ್ತೊ ಪಿಸುಗುಟ್ಟಿದ. "ಕೊಳವೆ ಕೊಡು."

ಬಾಲ್ದೊಮೇರೊ ಬಂದು ಕೂತ. ಎವಾರಿಸ್ತೊ ನೀರು ಕಾಯಿಸಿ ತಂದ. ಮೊದಲನೆಯದನ್ನು ತಾನು ಕುಡಿದ. ಅಷ್ಟರಲ್ಲಿ ಕಥೆಯ ಕುದುರೆ ಸಂತೆಗೆ ಬಂದಾಗಿತ್ತು.

"...ಕಾರ್ಯದರ್ಶಿ ಕುದುರೆ ಹಲ್ಲು ನೋಡಿದ, ಗೊರಸು ನೋಡಿದ. ಕಣ್ಣು ಮಾತ್ರ ನೋಡಲಿಲ್ಲ! ನಾನು ಏನಂದೆ ಗೊತ್ತಾ? ಸ್ವಾಮಿ, ಈ ಕುದುರೆ ನಿಮ್ಮನ್ನ ನೋಡಿ ಹೆದರೋದೇ ಇಲ್ಲ ಅಂದೆ! ಆಗ ಆ ಕುದುರೆ..."

ಎವಾರಿಸ್ತೊ ಬುರುಡೆಯನ್ನು ಚಾಚಿದ. ಮೂತಿ ಸರಿಯಾಗಿಯೇ ಇತ್ತು. ಬಾಲ್ದೊಮೇರೊನ ಬೆರಳು ತಾಗುವ ಮುಂಚೆ ಅದು ತಾನಾಗಿ ಹೊರಳಿ ಬೆನ್ನು ತೋರಿಸಿತು.

ಕಥೆ ನಿಂತಿತು. ಆ ಕಥೆ ಅಲ್ಲಿ ನಿಲ್ಲಲಿ ಎಂದು ನಾನು ಹನ್ನೊಂದು ವರ್ಷ ಬೇಡಿಕೊಂಡಿದ್ದೆ. ಈಗ ನಿಂತಾಗ ಯಾಕೋ ಚೆನ್ನಾಗಿರಲಿಲ್ಲ. ಬಾಲ್ದೊಮೇರೊ ಬುರುಡೆಯನ್ನು ಬೆಂಚಿನ ಮೇಲಿಟ್ಟ. ಟೊಪ್ಪಿಗೆಗೆ ಸುತ್ತ ತಡಕಾಡಿದ. ಅದು ಅವನ ತಲೆಯ ಮೇಲೆಯೇ ಇತ್ತು.

"ಮರೆತೇಬಿಟ್ಟಿದ್ದೆ," ಎಂದ. "ಕೋಳಿಗಳಿಗೆ ಕಾಳು ಹಾಕಿರಲಿಲ್ಲ."

ಹೊರಟ. ಎವಾರಿಸ್ತೊ ಮೇಜಿನ ಬಳಿಗೆ ಧಾವಿಸಿ ಆಗಲೇ ಲೇಖನಿಯನ್ನು ಶಾಯಿಗೆ ಅದ್ದಿದ್ದ. "ಎರಡಾಯ್ತು! ತಗಡು, ನೀನು ಸಾಮಾನ್ಯನಲ್ಲ ಕಣೋ! ನಿಮಿಷವೂ ಆಗಲಿಲ್ಲ!"

ನಾನು ಗೇಟಿನ ಕಡೆ ನೋಡುತ್ತಿದ್ದೆ. ಬಾಲ್ದೊಮೇರೊ ಕೋಳಿ ಸಾಕಿರಲಿಲ್ಲ.

ಗೃಹಸ್ಥನ ಸಹಿಯೂ ಬೇಕು, ಸಾಕ್ಷಿ ಕೆಡಲೂಬಾರದು, ನಾಳೆ ದೋಣಿ, ಎಲ್ಲ ಗೊತ್ತಿತ್ತು. ಆದರೂ ನನ್ನ ಬಾಯಿ ನನಗಿಂತ ಮುಂಚೆ ಎದ್ದು ಓಡಿತು.

"ಲೇ ಬಾಲ್ದೊಮೇರೊ! ವಾಪಸ್ ಬಾರೋ, ಮುದಿ ದೋಣಿ! ನಿನ್ನನ್ನ ಹೋಗು ಅಂದದ್ದು ನಾವಲ್ಲ ಕಣೋ! ಆ ದರಿದ್ರ ಕೊಳವೆ!"

ಅವನು ಬೀದಿಯಲ್ಲಿ ನಿಂತ. "ನಿಜವಾಗ್ಲೂ?"

"ನಿಜ. ನಿನ್ನ ಕುದುರೆ ಕಥೆ ಕೇಳಿ ಕೇಳಿ ನನ್ನ ಕಿವಿ ತುಕ್ಕು ಹಿಡಿದಿದೆ, ಅದೂ ನಿಜ. ಅದನ್ನ ನಾನು ಬಾಯಲ್ಲಿ ಹೇಳ್ತಿದೀನಿ, ಕೇಳಿಸ್ತಾ? ಈಗ ಬಾ, ಕುಡಿ."

ಅವನು ಬಂದ. ಎವಾರಿಸ್ತೊ ಲೇಖನಿಯನ್ನು ಮೇಜಿಗೆ ಕುಕ್ಕಿ ನನ್ನ ಮೇಲೆ ಎಗರಿದ.

"ಇಡೀ ದೇಶದಲ್ಲಿ ತನ್ನ ಯಂತ್ರನ ತಾನೇ ಹಾಳು ಮಾಡ್ಕೊಳ್ಳೋ ಯಂತ್ರಗಾರ ನೀನೊಬ್ಬನೇ! ಎದ್ದು ಹೋದವನನ್ನ ಯಾಕೋ ಕರೆದೆ?"

"ಸುಮ್ಮನೆ ಹೋಗ್ತಿದ್ದ. ನನ್ನಿಂದ ನೋಡೋಕಾಗಲಿಲ್ಲ."

"ಯಾವ ಯಂತ್ರ?" ಎಂದು ಬಾಲ್ದೊಮೇರೊ ಕೇಳಿದ.

ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಎಲ್ಲ ಹೇಳಿದೆ: ಪೇಟೆಂಟು, ನಾಳೆಯ ದೋಣಿ, ಸಾಕ್ಷಿ, ಅವನನ್ನು ಓಡಿಸಿ ನೋಡಿದ್ದು. ಅವನು ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಅಂದ್ರೆ ಇದು ಎಬ್ಬಿಸಿ ಕಳಿಸಿದ ಮೊದಲನೇ ಮನುಷ್ಯ ನಾನು?"

"ಎರಡನೆಯವನು. ಮೊದಲನೆಯವನು ನಾನು," ಎಂದ ಎವಾರಿಸ್ತೊ, ಸ್ವಲ್ಪ ಜಂಬದಿಂದಲೇ.

ಬಾಲ್ದೊಮೇರೊನ ಮುಖ ಇಳಿಯಿತು. ಸ್ವಲ್ಪ ಯೋಚಿಸಿದ. "ಆದ್ರೆ ನೀವು ನ್ಯಾಯಾಧೀಶರು. ಗೃಹಸ್ಥರಲ್ಲಿ ನಾನೇ ಮೊದಲು ತಾನೆ?"

"ಅದು ಹೌದು."

"ಹಾಗೇ ಬರೀರಿ. ನನ್ನ ಹೆಸರು ರಾಜಧಾನಿ ತನಕ ಹೋಗತ್ತೆ ಅಂದ್ರೆ ನಾನು ಇನ್ನೊಂದು ಸಲ ಬೇಕಾದ್ರೂ ಎದ್ದು ಹೋಗ್ತೀನಿ."

ಎವಾರಿಸ್ತೊ ಬರೆದ. ನಾನು 'ಪುಡಿ ಕಟ್ಟುವುದಿಲ್ಲ' ಎಂಬ ಮಾತು ಎಲ್ಲಾದರೂ ಬರಲಿ ಎಂದು ಜಗಳವಾಡಿ, ಕೊನೆಗೆ ಮೂರನೇ ಸಾಲಿನಲ್ಲಿ ತೂರಿಸಿದೆ. ಪತ್ರ ಹೀಗಿತ್ತು: 'ಸದರಿ ಕೊಳವೆಯು ಮನೆಯವರ ಮಾತಿಲ್ಲದೆ, ಕೈವಾಡವಿಲ್ಲದೆ, ತಾನಾಗಿಯೇ ಹೊರಳಿ, ಅತಿಥಿಯು ಎದ್ದು ಹೋಗುವಂತೆ ಮಾಡಿದ್ದನ್ನು ಎರಡು ಬಾರಿ ಕಂಡಿದ್ದೇನೆ. ಎರಡನೆಯ ಅತಿಥಿಯು ಮರಳಿ ಬಂದದ್ದು ಯಂತ್ರದ ದೋಷದಿಂದಲ್ಲ, ಯಂತ್ರಗಾರನ ಬಾಯಿಯ ದೋಷದಿಂದ. ಕೊಳವೆಯು ಪುಡಿ ಕಟ್ಟುವುದೂ ಇಲ್ಲ.' ಕೆಳಗೆ ಅವನ ಸಹಿ. ಅದರ ಕೆಳಗೆ ಬಾಲ್ದೊಮೇರೊ ತನ್ನ ಕೈಯಿಂದ ದಪ್ಪ ಅಕ್ಷರದಲ್ಲಿ 'ನಾನು ಎದ್ದು ಹೋದೆ' ಎಂದು ಬರೆದು ಸಹಿ ಹಾಕಿ, ಮಧ್ಯಾಹ್ನದ ಊಟಕ್ಕೂ ಅಲ್ಲೇ ಕೂತ.

ಗುರುವಾರ ದೋಣಿ ಹೊರಟಿತು. ವಸಂತದಲ್ಲಿ ಕಾಗದ ಬಂತು. ಕೆಂಪು ಅರಗಿನ ಮುದ್ರೆ, ಐದು ವರ್ಷದ ಹಕ್ಕು, ಮೇಲೆ ನನ್ನ ಪೂರ್ತಿ ಹೆಸರು, ಅದರಡಿಗೆ 'ಅತಿಥಿಯನ್ನು ಮಾತಿಲ್ಲದೆ ಕಳುಹಿಸುವ ಹೀರುಗೊಳವೆ'. ಎದೆಲ್ಮೀರಾ ಗಟ್ಟಿಯಾಗಿ ಎರಡು ಸಲ ಓದಿದಳು. ಚೌಕಟ್ಟು ನಾನೇ ಮಾಡಿ ಅಂಗಡಿಯಲ್ಲಿ ತೂಗುಹಾಕಿದೆ.

ಕೊಳವೆಗಳು ಹೋಗುತ್ತಿವೆ. ಬ್ರೆಡ್ಡಿನವನ ಚಿಕ್ಕಪ್ಪ ಎರಡನೇ ದಿನವೇ ತನ್ನೂರಿಗೆ ಹೋದ. ನನ್ನ ಯಂತ್ರ ಈವರೆಗೆ ಸೋತದ್ದು ಒಬ್ಬನ ಮುಂದೆ ಮಾತ್ರ. ಬಾಲ್ದೊಮೇರೊ ಈಗ ಯಾವ ಮನೆಗೆ ಹೋದರೂ, ಕೊಳವೆ ತಿರುಗಿದ ಕೂಡಲೇ ಮುಖ ಅರಳಿಸುತ್ತಾನೆ. "ಇದು ನಂದೇ!" ಎನ್ನುತ್ತಾನೆ. "ಸರ್ಕಾರದ ಕಾಗದದಲ್ಲಿ ನನ್ನ ಹೆಸರಿದೆ, ಗೃಹಸ್ಥರಲ್ಲಿ ನಾನೇ ಮೊದಲು, ಹೇಗಾಯ್ತು ಗೊತ್ತಾ?" ಎಂದು ಮೂತಿಯನ್ನು ಬೆರಳಿಂದ ತನ್ನ ಕಡೆ ತಿರುಗಿಸಿಕೊಂಡು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಶುರುಮಾಡುತ್ತಾನೆ. ಕುದುರೆಯ ಕಥೆ ಬಿಟ್ಟಿದ್ದಾನೆ.

ನಿನ್ನೆ ನನ್ನ ಅಂಗಡಿಗೂ ಬಂದಿದ್ದ. ಅರ್ಧ ಗಂಟೆ ಕೇಳಿದೆ. "ಎದ್ದು ಹೋಗೋ ಬಾಲ್ದೊಮೇರೊ, ಕೆಲಸ ಇದೆ!" ಎಂದು ಬಾಯಿಬಿಟ್ಟು ಹೇಳಿದೆ.

"ಹೋಗ್ತೀನಿ, ಹೋಗ್ತೀನಿ," ಎಂದು ಖಾಲಿ ಬುರುಡೆಯನ್ನು ಎದೆಲ್ಮೀರಾಳ ಕಡೆಗೆ ಚಾಚಿದ.